ಕಚ್ಚಿಸಿಕೊಂಡವನ ಹಕ್ಕು

ಬೀದಿಯ ನಾಯಿಗಳಿಂದ ಗಾಯಗೊಂಡವರಿಗೆ ಇಷ್ಟಿಷ್ಟು ಪರಿಹಾರವೆಂದು ನಮ್ಮ ರಾಜ್ಯ ಸರಕಾರದವರು 2025ನೆಯ ಇಸವಿಯ ನವೆಂಬರು ತಿಂಗಳಲ್ಲಿ ಗೊತ್ತುಪಡಿಸಿದರು. ಕಡಿತದಿಂದಾಗಲಿ, ಅದರಿಂದ ಬಂದ ರೇಬೀಸ್ ರೋಗದಿಂದಾಗಲಿ ಮರಣವೊದಗಿದರೆ 5 ಲಕ್ಷ ರೂಪಾಯಿ. ಹಲ್ಲು ನಾಟಿ, ಚರ್ಮ ಸೀಳಿ, ಮೈ ಕಪ್ಪುಗಟ್ಟಿ ಗಾಯವಾದರೆ 5,000 ರೂಪಾಯಿ. ಈ ಐದು ಸಾವಿರವೂ ಗಾಯಗೊಂಡವನ ಕೈಗೆ ಬರತಕ್ಕದ್ದಲ್ಲ. ಅದರಲ್ಲಿ 1,500 ರೂಪಾಯಿ ಚಿಕಿತ್ಸೆಯ ಬಾಬ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಸಲ್ಲತಕ್ಕದ್ದು. ಉಳಿದ 3,500 ಮಾತ್ರ ಅವನ ಪಾಲು. ಏನೂ ಇಲ್ಲದಿದ್ದ ಕಡೆ ಇಷ್ಟಾದರೂ ಆಯಿತೆಂದು ಸಂತೋಷಪಡುವವರು ಇರಬಹುದು. ಆ ಸಂತೋಷದಲ್ಲಿ ನಾವು ಪಾಲುಗೊಳ್ಳಲಾರೆವು.

ಏಕೆಂದರೆ, ಈ ಮೊತ್ತವನ್ನು ಯಾವ ಅಳತೆಗೋಲಿನಿಂದ ಅಳೆದರೆಂಬುದೇ ನಮಗೆ ಅರ್ಥವಾಗದ ಸಂಗತಿಯಾಗಿದೆ. ಕಚ್ಚಿಸಿಕೊಂಡ ಕೂಲಿಯವನೊಬ್ಬನ ಲೆಕ್ಕವನ್ನು ಹಾಕಿ ನೋಡೋಣ. ಸರಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಚುಚ್ಚುವ ಕ್ರಮದಂತೆ ಲಸಿಕೆ ಪಡೆಯಲು ಅವನು ಮೊದಲನೆಯ ದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ, ಹೀಗೆ ನಾಲ್ಕು ಸಲ ಹೋಗಬೇಕು. 2025-26ರಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ಗೊತ್ತುಮಾಡಿದ್ದ ದಿನಗೂಲಿ 370 ರೂಪಾಯಿ. ನಾಲ್ಕು ದಿನದ ಕೂಲಿಯೆಂದರೆ 1,480. ಕಚ್ಚಿಸಿಕೊಂಡದ್ದು ಮಗುವಾದರೆ ತಾಯಿಯೋ ತಂದೆಯೋ ಜೊತೆಗೆ ಹೋಗಲೇಬೇಕು. ಗಾಯವು ಕಾಲಿಗಾಗಿದ್ದರೆ ಕೆಲಸ ತಪ್ಪುವುದು ನಾಲ್ಕೇ ದಿನವಲ್ಲ. ಬಸ್ಸಿನ ಚಾರ್ಜು, ಹೊರಗಿನ ಅಂಗಡಿಯಲ್ಲಿ ಕೊಂಡ ಔಷಧ, ತಾಲೂಕು ಆಸ್ಪತ್ರೆಯಲ್ಲಿ ಇಮ್ಯುನೋಗ್ಲೋಬುಲಿನ್ ಇಲ್ಲವೆಂದು ಜಿಲ್ಲಾ ಕೇಂದ್ರಕ್ಕೆ ಓಡಿದ ಖರ್ಚು, ಇವನ್ನೆಲ್ಲ ಕಳೆದ ಮೇಲೆ ನೋವಿನ ಬಾಬ್ತು, ಕಲೆಯ ಬಾಬ್ತು, ರಾತ್ರಿ ಬೆಚ್ಚಿಬೀಳುವ ಮಗುವಿನ ಬಾಬ್ತು ಉಳಿಯುವುದೆಷ್ಟು? ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ನಮ್ಮ ಜನರ ಗಾದೆಯು ಇಲ್ಲಿ ಸರಿಯಾಗಿ ಒಪ್ಪುತ್ತದೆ.

ಇನ್ನೊಂದು ಹೋಲಿಕೆಯನ್ನೂ ಅಧಿಕಾರಿಗಳ ಮುಂದಿಡುವೆವು. ರಸ್ತೆಯಲ್ಲಿ ಯಾವುದೋ ಮೋಟಾರು ಬಡಿದು ನಿಲ್ಲದೆ ಓಡಿಹೋಯಿತೆನ್ನಿರಿ, ಒಡೆಯನಾರೆಂಬುದು ಗೊತ್ತಾಗಲಿಲ್ಲ. ಅಂತಹ ಪ್ರಸಂಗದಲ್ಲಿ ಕೇಂದ್ರ ಸರಕಾರದ ಯೋಜನೆಯ ಪ್ರಕಾರ, 2022ರ ಏಪ್ರಿಲ್ ಒಂದರಿಂದ, ಮರಣಕ್ಕೆ 2 ಲಕ್ಷವೂ ತೀವ್ರ ಗಾಯಕ್ಕೆ 50,000 ರೂಪಾಯಿಯೂ ಸಲ್ಲುತ್ತವೆ. ಯಾರ ತಪ್ಪೆಂದು ಸಿದ್ಧಪಡಿಸುವ ಹೊಣೆ ಗಾಯಾಳುವಿನ ಮೇಲಿಲ್ಲ. ಒಡೆಯನಿಲ್ಲದ ನಾಯಿಯೂ ಒಡೆಯನು ತಿಳಿಯದ ಮೋಟಾರೂ ಗಾಯಗೊಂಡವನ ದೃಷ್ಟಿಯಿಂದ ಒಂದೇ. ಮರಣದ ಮೊತ್ತದಲ್ಲಿ ನಮ್ಮ ರಾಜ್ಯವು ಆ ಯೋಜನೆಗಿಂತ ಮುಂದಿದೆಯೆಂಬುದನ್ನು ಒಪ್ಪುತ್ತೇವೆ. ಆದರೆ ಮುಖವು ಶಾಶ್ವತವಾಗಿ ವಿಕಾರವಾದರೆ ದಂಡಸಂಹಿತೆಯೇ ಅದನ್ನು ತೀವ್ರ ಗಾಯವೆನ್ನುತ್ತಿರುವಾಗ, ಮೋಟಾರಿನಿಂದ ಮುಖ ಕೆಟ್ಟ ಬಾಲೆಗೆ 50,000, ನಾಯಿಯಿಂದ ಮುಖ ಕೆಟ್ಟ ಬಾಲೆಗೆ 3,500 ಎಂಬ ತಾರತಮ್ಯಕ್ಕೆ ಯಾವ ನ್ಯಾಯಶಾಸ್ತ್ರದಲ್ಲಿ ಆಧಾರವಿದೆ?

ನೆರೆಯ ಪ್ರಾಂತಗಳಲ್ಲಿ ಏನಾಗಿದೆಯೆಂಬುದನ್ನು ತಿಳಿಯುವುದು ಉಪಯುಕ್ತವು. ಕೇರಳದಲ್ಲಿ ಕಡಿತದ ಪರಿಹಾರದ ಅರ್ಜಿಗಳನ್ನು ವಿಚಾರಿಸಲು ನಿವೃತ್ತ ಹೈಕೋರ್ಟು ನ್ಯಾಯಾಧೀಶ ಸಿರಿಜಗನ್ ಅವರ ಸಮಿತಿಯೊಂದನ್ನು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ನೇಮಿಸಿತು. ಇಡೀ ರಾಜ್ಯಕ್ಕೆ ಒಂದೇ ಸಮಿತಿ, ಅರ್ಜಿಗಳೋ ಸಾವಿರಾರು. ಉತ್ತರದಲ್ಲಿ ಪಂಜಾಬು ಮತ್ತು ಹರಿಯಾಣದ ಹೈಕೋರ್ಟು 2023ರ ನವೆಂಬರಿನಲ್ಲಿ ಇದಕ್ಕಿಂತ ಬಲವಾದ ಹೆಜ್ಜೆಯನ್ನಿಟ್ಟಿತು. ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ. ಮಾಂಸ ಕಿತ್ತುಬಂದಿದ್ದರೆ 0.2 ಸೆಂಟಿಮೀಟರಿನ ಗಾಯಕ್ಕೆ ಕನಿಷ್ಠ 20,000. ಕೊಡುವ ಪ್ರಥಮ ಹೊಣೆ ಸರಕಾರದ್ದು, ಅದು ಬೇಕಾದರೆ ತಪ್ಪಿತಸ್ಥ ಸಂಸ್ಥೆಯಿಂದಲೋ ನಾಯಿಯ ಒಡೆಯನಿಂದಲೋ ವಸೂಲು ಮಾಡಿಕೊಳ್ಳಲಿ. ಜಿಲ್ಲೆ ಜಿಲ್ಲೆಗೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿಯಿದ್ದು ನಾಲ್ಕು ತಿಂಗಳೊಳಗೆ ತೀರ್ಮಾನವಾಗಬೇಕು. ನಾಲ್ಕು ಹಲ್ಲು ನಾಟಿದ ಸಾಧಾರಣ ಕಡಿತಕ್ಕೆ ಚಂಡೀಗಢದ ಲೆಕ್ಕದಲ್ಲಿ 40,000 ರೂಪಾಯಿಯಾಗುತ್ತದೆ. ಹಲ್ಲುಗಳನ್ನೆಣಿಸಿ ಬೆಲೆ ಕಟ್ಟುವ ಈ ಪದ್ಧತಿಯು ಸ್ವಲ್ಪ ತಕ್ಕಡಿಯ ವ್ಯಾಪಾರದಂತೆ ತೋರುವುದು ನಿಜ. ಮೀನಖಂಡದ ಮೇಲಿನ ಒಂದು ಹಲ್ಲಿಗೂ ಕಣ್ಣಿನ ಕೆಳಗಿನ ಒಂದು ಹಲ್ಲಿಗೂ ಒಂದೇ ಕ್ರಯವೆಂಬುದನ್ನು ನಾವು ಒಪ್ಪಲಾರೆವು. ಆದರೂ ಗಾಯ ಹೆಚ್ಚಿದಂತೆ ಪರಿಹಾರವೂ ಹೆಚ್ಚಬೇಕೆಂಬ ತತ್ತ್ವವಾದರೂ ಅದರಲ್ಲಿದೆ. ಒಂದು ಕಡಿತಕ್ಕೂ ಇಪ್ಪತ್ತು ಕಡಿತಕ್ಕೂ ಒಂದೇ 5,000 ಎಂಬಲ್ಲಿ ಅದೂ ಇಲ್ಲ.

ಈ ವಿಷಯದಲ್ಲಿ ಸಾರ್ವಜನಿಕರ ಚರ್ಚೆಯು ದಾರಿತಪ್ಪಿರುವುದನ್ನೂ ಹೇಳದಿರಲಾಗದು. ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 11ರಂದು ಆಜ್ಞಾಪಿಸಿತು. ಆಗಸ್ಟ್ 22ರಂದು ಮೂವರು ನ್ಯಾಯಾಧೀಶರ ಪೀಠವು ಅದನ್ನು ತಿದ್ದಿ, ಸಂತಾನಹರಣ ಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿ, ಹುಚ್ಚು ಹಿಡಿದವು ಮತ್ತು ಮೇಲೆ ಬೀಳುವ ಸ್ವಭಾವದವುಗಳನ್ನುಳಿದು ಮಿಕ್ಕವನ್ನು ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ಸು ಮತ್ತು ರೈಲು ನಿಲ್ದಾಣಗಳಿಂದ ತೆಗೆದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಕೂಡದೆಂದು ಅಪ್ಪಣೆಯಾಯಿತು. ಒಂದೊಂದು ಆಜ್ಞೆಗೂ ಒಂದು ಪಕ್ಷದವರು ಜಯಘೋಷ ಮಾಡಿದರು, ಇನ್ನೊಂದು ಪಕ್ಷದವರು ಮೆರವಣಿಗೆ ಹೊರಟರು. ನಾಯಿಯನ್ನು ಪ್ರೀತಿಸುವವರದೊಂದು ಪಕ್ಷ, ದ್ವೇಷಿಸುವವರದೊಂದು ಪಕ್ಷ. ಕಚ್ಚಿಸಿಕೊಂಡವನದು ಯಾವ ಪಕ್ಷ? ಸ್ವರ್ಗದ ಬಾಗಿಲಿನಲ್ಲಿಯೂ ತನ್ನನ್ನು ನಂಬಿಬಂದ ನಾಯಿಯನ್ನು ಬಿಡಲೊಪ್ಪದ ಧರ್ಮರಾಯನ ನಾಡಿನಲ್ಲಿ ಪ್ರಾಣಿದಯೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾಯಿಗಳನ್ನು ಕೊಲ್ಲಿರೆಂದು ನಾವು ಹೇಳುತ್ತಲೂ ಇಲ್ಲ. 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯು ಹಾಗೆ ಮನಬಂದಂತೆ ಕೊಲ್ಲಗೊಡುವುದೂ ಇಲ್ಲ. ನಾಯಿಯನ್ನು ಎಲ್ಲಿ ಇಡಬೇಕೆಂಬ ವಾದವು ಹತ್ತು ವರುಷ ನಡೆಯಲಿ. ಗಾಯಗೊಂಡವನ ನಷ್ಟವು ಆ ವಾದದ ತೀರ್ಮಾನಕ್ಕೆ ಕಾಯಬೇಕಾದ ಕಾರಣವಿಲ್ಲ.

ಹೊಣೆಯಾರದು ಎಂಬುದೇ ಮುಖ್ಯವಾದ ಪ್ರಶ್ನೆ. ಬೀದಿಯಲ್ಲಿ ಹುಟ್ಟಿದ ನಾಯಿಗೆ ಒಡೆಯನಿಲ್ಲವೆಂದು ಪುರಸಭೆಯವರು ಹೇಳುವರು. ನಾಯಿಗೆ ಒಡೆಯನಿಲ್ಲದಿರಬಹುದು, ಬೀದಿಗೆ ಇರುವನಷ್ಟೆ! 2001ರಲ್ಲಿ ಹೊರಟು 2023ರ ಮಾರ್ಚಿಯಲ್ಲಿ ಹೊಸದಾಗಿ ಪ್ರಕಟವಾದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿಸುವ ಕರ್ತವ್ಯವನ್ನು ಸ್ಥಳೀಯ ಸಂಸ್ಥೆಗಳ ಮೇಲೆಯೇ ಹೊರಿಸಿವೆ. ಕರ್ತವ್ಯವಿದ್ದ ಕಡೆ ಅದರ ಲೋಪಕ್ಕೆ ಉತ್ತರವಾದಿತ್ವವೂ ಇದೆಯೆಂಬುದು ನ್ಯಾಯದ ಮೊದಲ ಪಾಠ.

ಇದು ಪಾಶ್ಚಾತ್ಯರಿಂದ ಕಲಿತ ಹೊಸ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಒಂದು ವಿಧಿಯುಂಟು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಬಾಳಿದವನು. ಕೋರೆಹಲ್ಲು ಅಥವಾ ಕೊಂಬುಗಳುಳ್ಳ ಪ್ರಾಣಿಯ ಒಡೆಯನು, ಅದರ ಬಾಧೆಯಿಂದ ಮನುಷ್ಯನನ್ನು ಬಿಡಿಸಲು ಶಕ್ತನಾಗಿದ್ದೂ ಬಿಡಿಸದೆ ಹೋದರೆ ಅವನಿಗೆ ದಂಡ. ಪೀಡಿತನು ಕೂಗಿಕೊಂಡ ಮೇಲೆಯೂ ಬಿಡಿಸದಿದ್ದರೆ ಇಮ್ಮಡಿ ದಂಡ. ಇದು ಆ ವಿಧಿಯ ತಾತ್ಪರ್ಯವು. ಆ ದಂಡವು ಅರಸನ ಬೊಕ್ಕಸಕ್ಕೆ ಸಲ್ಲುತ್ತಿದ್ದಿತೇ ಹೊರತು ನೊಂದವನಿಗಲ್ಲ. ಹಳೆಯದೆಲ್ಲ ಹೊನ್ನೆಂದು ನಾವು ವಾದಿಸಹೊರಟಿಲ್ಲ. ಆದರೆ ಕೂಗಿಕೊಂಡ ಮೇಲಿನ ಉಪೇಕ್ಷೆಯು ಮೊದಲಿನ ಉಪೇಕ್ಷೆಗಿಂತ ಎರಡು ಪಾಲು ಹಿರಿದೆಂಬ ವಿವೇಕವನ್ನು ನೋಡಿರಿ. ಇಂಗ್ಲಿಷರ ಹಳೆಯ ರೂಢಿಯ ಕಾನೂನು ಬೇರೆ ದಾರಿಯಿಂದ ಇಲ್ಲಿಗೇ ಬಂದಿತ್ತು: ನಾಯಿಗೆ ಕಚ್ಚುವ ಸ್ವಭಾವವುಂಟೆಂದು ಒಡೆಯನು ಮೊದಲೇ ಅರಿತಿದ್ದನೆಂದು ತೋರಿಸಿದರೆ ಅವನು ನಷ್ಟ ತುಂಬಬೇಕು. ಮೊದಲ ಕಡಿತವು ನಾಯಿಗೆ ಮಾಫಿಯೆಂದು ಆ ದೇಶದವರೇ ಇದನ್ನು ಹಾಸ್ಯ ಮಾಡುತ್ತಿದ್ದರು. ಎರಡೂ ಕಡೆ ತಿರುಳು ಒಂದೇ, ಅರಿತೂ ಸುಮ್ಮನಿದ್ದವನ ಹೊಣೆ ಹೆಚ್ಚಿನದು.

ಇಂದು ಈ ಕೂಗು ಯಾವ ರೂಪದಲ್ಲಿದೆ? ಮೊಹಲ್ಲೆಯ ಜನರು ಬರೆದುಕೊಟ್ಟ ಅರ್ಜಿಯ ರೂಪದಲ್ಲಿದೆ. ನಮ್ಮ ಬೀದಿಯಲ್ಲಿ ಹತ್ತು ನಾಯಿಗಳು ಶಾಲೆಯ ಮಕ್ಕಳ ಮೇಲೆ ಬೀಳುತ್ತಿವೆ, ಕ್ರಮ ಕೈಕೊಳ್ಳಬೇಕು ಎಂದು ಸಹಿ ಹಾಕಿದ ಕಾಗದವು ನಗರಸಭೆಯ ಆರೋಗ್ಯ ಶಾಖೆಯಲ್ಲಿ ಬಿದ್ದಿರುತ್ತದೆ. ತಿಂಗಳ ಮೇಲೆ ಅದೇ ಬೀದಿಯಲ್ಲಿ ಅದೇ ನಾಯಿಗಳು ಒಂದು ಮಗುವನ್ನು ಹರಿದರೆ, ತಿಳಿಯದೆ ಆದ ಅನಾಹುತವೆಂದು ಹೇಳುವ ಅಧಿಕಾರ ಆ ಸಂಸ್ಥೆಗೆ ಉಳಿಯುವುದೇ? ಸರಕಾರದ ಈಗಿನ ದರಪಟ್ಟಿಯಲ್ಲಿ ಈ ಅರ್ಜಿಗೆ ಬೆಲೆಯೇ ಇಲ್ಲ. ಅರ್ಜಿ ಬಂದ ಬೀದಿಗೂ ಬಾರದ ಬೀದಿಗೂ ಪರಿಹಾರ ಒಂದೇ. ಮುಂಚಿತವಾಗಿ ಲಿಖಿತ ದೂರು ತಲಪಿದ್ದು ಗೊತ್ತಾದ ಅವಧಿಯಲ್ಲಿ ಕ್ರಮ ಜರುಗದಿದ್ದರೆ ಪರಿಹಾರವು ಇಮ್ಮಡಿಯಾಗತಕ್ಕದ್ದೆಂದು ಸರಕಾರದವರು ಒಂದು ವಾಕ್ಯವನ್ನು ಸೇರಿಸಲಿ. ಅರ್ಜಿಗಳನ್ನು ಧೂಳು ತಿನ್ನಿಸುವ ಪದ್ಧತಿಯು ಎಷ್ಟು ಬೇಗ ಬದಲಾಗುವುದೆಂಬುದನ್ನು ನೋಡಬಹುದು.

ಕೋರ್ಟಿಗೆ ಹೋಗುವ ದಾರಿ ತೆರೆದೇ ಇದೆಯಲ್ಲ ಎನ್ನುವರು. ಇದೆ. ಸಂವಿಧಾನದ 21ನೆಯ ವಿಧಿಯು ಕೊಟ್ಟ ಜೀವದ ಹಕ್ಕನ್ನು ಮುಂದಿಟ್ಟು 226ನೆಯ ವಿಧಿಯಂತೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. 2018ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಬೀದಿನಾಯಿಗಳು ಎರಡು ವರುಷದ ಕೂಸೊಂದನ್ನು ಕೊಂದವು. ಅದರ ತಂದೆಯ ಅರ್ಜಿಯ ಮೇಲೆ ಗ್ರಾಮ ಪಂಚಾಯತಿಯು 10 ಲಕ್ಷ ರೂಪಾಯಿಯನ್ನು ಬಡ್ಡಿಸಹಿತ ಕೊಡಬೇಕೆಂದು 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠವು ತೀರ್ಪಿತ್ತಿತು. ಈ ತೀರ್ಪು ಎರಡು ಸಂಗತಿಗಳನ್ನು ಹೇಳುತ್ತದೆ. ಬೀದಿನಾಯಿಯ ಹಾವಳಿಗೆ ಸ್ಥಳೀಯ ಸಂಸ್ಥೆಯು ಹೊಣೆಯೆಂಬುದು ಒಂದು. ಸರಕಾರವು ಈಗ ಮರಣಕ್ಕೆ ಗೊತ್ತುಮಾಡಿದ 5 ಲಕ್ಷವು ನಮ್ಮದೇ ಹೈಕೋರ್ಟು ಅದಕ್ಕೂ ಮೂರು ವರುಷ ಮೊದಲು ಯೋಗ್ಯವೆಂದೆಣಿಸಿದ ಮೊತ್ತದ ಅರ್ಧ ಮಾತ್ರವೆಂಬುದು ಇನ್ನೊಂದು. ಆದುದರಿಂದ ಸರಕಾರದ ದರವನ್ನು ಕೊನೆಯ ಮಾತೆಂದು ಯಾರೂ ತಿಳಿಯಬಾರದು. ಅಷ್ಟನ್ನು ಪಡೆದ ಮೇಲೆಯೂ ಹೆಚ್ಚಿನದನ್ನು ಕೇಳಿ ನ್ಯಾಯಾಲಯಕ್ಕೆ ಹೋಗುವುದು ಸಾಧ್ಯವಿರಬೇಕು. ಇದೇ ಸಾಕೆಂಬ ಮುಚ್ಚಳಿಕೆಯನ್ನು ಬರೆಯಿಸಿಕೊಳ್ಳುವ ಚಾಳಿ ಎಲ್ಲಿಯೂ ಹುಟ್ಟಬಾರದು. ಆದರೆ ಹಲ್ಲು ನಾಟಿದ ಪ್ರತಿಯೊಬ್ಬನೂ ಧಾರವಾಡಕ್ಕೋ ಕಲಬುರಗಿಗೋ ಬೆಂಗಳೂರಿಗೋ ಹೋಗಿ ವಕೀಲರನ್ನು ಹಿಡಿಯಬೇಕೆನ್ನುವುದು ಹಕ್ಕನ್ನು ಕೊಟ್ಟಂತೆ ಮಾಡಿ ಕಿತ್ತುಕೊಂಡಂತೆಯೇ ಸರಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಕಡಿಮೆ ವರಮಾನದವರು ಇವರಿಗೆಲ್ಲ 1987ರ ಕಾಯಿದೆಯಂತೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಧರ್ಮಾರ್ಥವಾಗಿ ದೊರೆಯತಕ್ಕದ್ದು. ಈ ಸಂಗತಿಯನ್ನು ತಾಲೂಕು ಕೋರ್ಟಿನ ಗೋಡೆಯ ಹೊರಗೆ ಬಲ್ಲವರು ಕಡಿಮೆ.

ಸಾಕುನಾಯಿಯ ವಿಷಯದಲ್ಲಿ ಕಾನೂನು ಇಷ್ಟು ಜಟಿಲವಲ್ಲ. ಒಡೆಯನು ಕಣ್ಣೆದುರಿಗಿರುವನು. ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ತಕ್ಕ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹಳೆಯ ದಂಡಸಂಹಿತೆಯ 289ನೆಯ ಕಲಮಿನಲ್ಲಿ ಈ ದಂಡವು ಸಾವಿರ ರೂಪಾಯಿಗೆ ಸೀಮಿತವಾಗಿತ್ತು. ದಂಡವು ಸರಕಾರಕ್ಕೆ ಸಲ್ಲುವುದೆಂದು ಗಾಯಾಳುಗಳು ನಿರಾಶರಾಗಬೇಕಾಗಿಲ್ಲ; ಅಪರಾಧಿಯಿಂದ ನೊಂದವನಿಗೆ ಪರಿಹಾರ ಕೊಡಿಸುವ ಅಧಿಕಾರವನ್ನು ನಾಗರಿಕ ಸುರಕ್ಷಾ ಸಂಹಿತೆಯ 395ನೆಯ ಕಲಮು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಅದಲ್ಲದೆ ದಿವಾಣಿ ಕೋರ್ಟಿನಲ್ಲಿ ನಷ್ಟಕ್ಕಾಗಿ ದಾವೆ ಹೂಡಲು ಅಡ್ಡಿಯಿಲ್ಲ. ಬಂಗಲೆಯ ಬಾಗಿಲಿಗೆ 'ನಾಯಿ ಇದೆ, ಎಚ್ಚರಿಕೆ' ಎಂಬ ಹಲಗೆ ತೂಗುಹಾಕಿದೊಡನೆ ತಮ್ಮ ಹೊಣೆ ತೀರಿತೆಂದು ಭಾವಿಸುವ ದೊಡ್ಡ ಮನುಷ್ಯರಿದ್ದಾರೆ. ಆ ಹಲಗೆಯನ್ನು ಓದಲಾರದ ಹಾಲಿನ ಹುಡುಗನಿಗೆ ಅದರಿಂದೇನು ರಕ್ಷಣೆ? ನಾಯಿಯ ಸ್ವಭಾವವು ಒಡೆಯನಿಗೆ ಗೊತ್ತಿತ್ತೆಂಬುದಕ್ಕೆ ಆ ಹಲಗೆಯೇ ಸಾಕ್ಷಿಯಾದೀತು!

ಇನ್ನು ಮರಣದ ಮಾತು. ಕೇಂದ್ರ ಸರಕಾರವು ಪಾರ್ಲಿಮೆಂಟಿನಲ್ಲಿ ಕೊಟ್ಟ ಅಂಕಿಗಳ ಪ್ರಕಾರ ದೇಶದಲ್ಲಿ ನಾಯಿ ಕಡಿತದ ಪ್ರಕರಣಗಳು 2022ರಲ್ಲಿ 21 ಲಕ್ಷ 89 ಸಾವಿರ, 2023ರಲ್ಲಿ 30 ಲಕ್ಷ 52 ಸಾವಿರ, 2024ರಲ್ಲಿ 37 ಲಕ್ಷ 17 ಸಾವಿರ. ಅದೇ 2024ರಲ್ಲಿ ರೇಬೀಸಿನಿಂದ ಸತ್ತರೆಂದು ಶಂಕಿಸಲಾದವರು 54 ಮಂದಿಯಂತೆ. ವಿಶ್ವ ಆರೋಗ್ಯ ಸಂಸ್ಥೆಯಾದರೋ ಭಾರತದಲ್ಲಿ ವರುಷಕ್ಕೆ 18ರಿಂದ 20 ಸಾವಿರ ಜನರು ಈ ರೋಗಕ್ಕೆ ಬಲಿಯಾಗುವರೆಂದು ಹೇಳುತ್ತ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ ಈಚಿನ ಸಮೀಕ್ಷೆಯ ಅಂದಾಜು ಸುಮಾರು 5,700. ಕಡಿಮೆಯದನ್ನೇ ಹಿಡಿದರೂ ಸರಕಾರಿ ಲೆಕ್ಕಕ್ಕೆ ನೂರು ಪಟ್ಟಾಯಿತು. ಈ ಅಂತರವೇಕೆ? ರೋಗದ ಲಕ್ಷಣ ತೋರಿದ ಮೇಲೆ ಉಳಿಸುವ ಉಪಾಯವಿಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸುವರು. ರೋಗಿಯು ಮನೆಯಲ್ಲಿಯೇ ಸಾಯುವನು. ಯಾವ ಕಾಗದದಲ್ಲಿಯೂ ರೋಗದ ಹೆಸರು ಬೀಳದು. ಲೆಕ್ಕಕ್ಕೇ ಬಾರದ ಸಾವಿಗೆ 5 ಲಕ್ಷ ರೂಪಾಯಿಯನ್ನು ಕೇಳುವವರಾರು, ಕೊಡುವವರಾರು? ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ರೋಗವೆಂದು ಕರ್ನಾಟಕವು 2022ರ ಡಿಸೆಂಬರಿನಲ್ಲಿಯೇ ಸಾರಿದೆ. ಆ ಆಜ್ಞೆಯು ಖಾಸಗಿ ದವಾಖಾನೆಗಳಲ್ಲಿಯೂ ಅಕ್ಷರಶಃ ನಡೆದರೆ ಮಾತ್ರ ಪರಿಹಾರದ ಆಜ್ಞೆಗೆ ಅರ್ಥ ಬರುವುದು.

ನಮ್ಮ ಹಿರಿಯರ ಕಾಲದಲ್ಲಿ ಹುಚ್ಚುನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚಿಸಿಕೊಳ್ಳಬೇಕಾಗಿತ್ತು. ದಕ್ಷಿಣದವರಿಗೆ 1907ರಲ್ಲಿ ಸ್ಥಾಪನೆಯಾದ ಕೂನೂರಿನ ಪಾಶ್ಚರ್ ಸಂಸ್ಥೆಯೇ ಗತಿಯಾಗಿತ್ತು. ವೈದ್ಯಶಾಸ್ತ್ರವು ಆ ಸಂಕಟವನ್ನು ಕಳೆದಿದೆ. ಆದುದರಿಂದ ಕಚ್ಚಿದೊಡನೆ ಮಾಡತಕ್ಕ ಮೊದಲ ಕೆಲಸವೆಂದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗುವುದು. ಅರಿಸಿನ, ಸುಣ್ಣ, ಮೆಣಸಿನಪುಡಿಗಳ ಸಹವಾಸ ಬೇಡ. ಎರಡನೆಯ ಕೆಲಸವು ಕಾಗದಗಳದು. ಆಸ್ಪತ್ರೆಯ ಚೀಟಿಯಲ್ಲಿ ನಾಯಿ ಕಡಿತವೆಂದೂ, ಯಾವ ಅಂಗಕ್ಕೆ ಎಷ್ಟು ಗಾಯವೆಂದೂ, ದಿನಾಂಕ ಸಮಯಗಳನ್ನೂ ಬರೆಯಿಸಬೇಕು. ಗಾಯದ ಫೋಟೋ ತೆಗೆದಿಡಬೇಕು. ಔಷಧದ ರಶೀದಿಗಳನ್ನು ಎಸೆಯಬಾರದು. ಸ್ಥಳೀಯ ಸಂಸ್ಥೆಗೆ ಲಿಖಿತ ಅರ್ಜಿ ಕೊಟ್ಟು ತಲಪಿದ್ದಕ್ಕೆ ಮೊಹರಿನ ಪ್ರತಿಯನ್ನು ಪಡೆಯಬೇಕು. ಸಾಕುನಾಯಿಯಾದರೆ ಪೋಲೀಸು ಠಾಣೆಯಲ್ಲಿಯೂ ಫಿರ್ಯಾದು ಕೊಡಬೇಕು. ಸರಕಾರದ ಮೇಲೆ ದಿವಾಣಿ ದಾವೆ ಹೂಡುವ ಮೊದಲು ಎರಡು ತಿಂಗಳ ನೋಟೀಸು ಅವಶ್ಯವೆಂಬುದನ್ನೂ ಮರೆಯಬಾರದು. ವಿದ್ಯಾವಂತರಾದ ನಮ್ಮ ವಾಚಕರು ತಮ್ಮ ಮನೆಯ ಕೆಲಸದವಳಿಗೋ, ಓಣಿಯ ಕಾಯಿಪಲ್ಲೆಯವನಿಗೋ ಹೀಗಾದಾಗ ಒಂದು ಅರ್ಜಿಯನ್ನು ಬರೆದುಕೊಟ್ಟರೆ ಅದು ಸಣ್ಣ ಉಪಕಾರವಲ್ಲ.

ಹಣವೆಲ್ಲಿದೆಯೆಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಚಿಕ್ಕ ಊರಿನ ಪುರಸಭೆಗೆ ಒಂದು ದೊಡ್ಡ ತೀರ್ಪಿನ ಮೊತ್ತವೂ ಹೊರೆಯೇ ಎಂಬುದು ಸುಳ್ಳಲ್ಲ. ಅದಕ್ಕೆ ಪಂಜಾಬಿನ ಹೈಕೋರ್ಟು ತೋರಿದ ದಾರಿಯಿದೆ: ಮೊದಲು ಸರಕಾರ ಕೊಡಲಿ, ಆಮೇಲೆ ಕರ್ತವ್ಯ ತಪ್ಪಿದವರಿಂದ ಹಿಡಿಯಲಿ. ಆಗ ಲಸಿಕೆಗೂ ಸಂತಾನಹರಣ ಚಿಕಿತ್ಸೆಗೂ ಖರ್ಚು ಮಾಡುವುದು ಅಗ್ಗವೋ, ಪರಿಹಾರ ಕೊಡುವುದು ಅಗ್ಗವೋ ಎಂಬ ಲೆಕ್ಕವನ್ನು ಪ್ರತಿಯೊಂದು ಸಂಸ್ಥೆಯೂ ಆಯವ್ಯಯದ ಸಭೆಯಲ್ಲಿ ಹಾಕಲೇಬೇಕಾಗುವುದು. ಈಗಿನ 3,500ರ ದರದಲ್ಲಿ ಆ ಲೆಕ್ಕಕ್ಕೆ ಕಾರಣವೇ ಇಲ್ಲ, ಸುಮ್ಮನಿರುವುದೇ ಅಗ್ಗ.

ನಮ್ಮ ಸರಕಾರದವರು ಈ ಆಜ್ಞೆಯನ್ನು ಮರುಪರಿಶೀಲಿಸಿ, ತಪ್ಪಿದ ಕೂಲಿಯನ್ನೂ ನಿಜವಾದ ವೆಚ್ಚವನ್ನೂ ಬೇರೆಯಾಗಿ ಕಟ್ಟಿಕೊಟ್ಟು, ಗಾಯದ ತೀವ್ರತೆಗೆ ತಕ್ಕಂತೆ ಮೊತ್ತವನ್ನು ಏರಿಸಿ, ತೀವ್ರ ಗಾಯಕ್ಕೆ ಮೋಟಾರಿನ ಯೋಜನೆಗಿಂತ ಕಡಿಮೆಯಾಗದಂತೆ ಗೊತ್ತುಪಡಿಸಬೇಕು. ಜಿಲ್ಲಾಧಿಕಾರಿಯ ಸಮಿತಿಯು ತಿಂಗಳಿಗೊಮ್ಮೆ ಕೂಡಲಿ. ಅರ್ಜಿಯ ನಮೂನೆಯು ಕನ್ನಡದಲ್ಲಿ, ಒಂದೇ ಪುಟದಲ್ಲಿ, ಲಸಿಕೆ ಕೊಡುವ ಕಿಟಕಿಯಲ್ಲಿಯೇ ದೊರೆಯಲಿ. ನಾಲ್ಕನೆಯ ಚುಚ್ಚುಮದ್ದಿಗೆ ಬಂದ ದಿನವೇ ಹಣವು ಅವನ ಖಾತೆಯಲ್ಲಿರಲಿ.